ಕಿಡಿ ಹಂಚುವ ಡಬ್ಬಿ

ನಮ್ಮ ಬೀದರಿನವರಿಗೆ ಇತಿಹಾಸವೆಂದರೆ ಕೋಟೆ, ಮಹಮೂದ್ ಗಾವಾನನ ಮದರಸಾ, ಅಷ್ಟೂರಿನ ಗುಂಬಜಗಳು. ಊರಿಗೆ ಬಂದ ನೆಂಟರಿಗೆ ಇವಿಷ್ಟನ್ನು ತೋರಿಸಿಬಿಟ್ಟರೆ ನಮ್ಮ ಕರ್ತವ್ಯ ಮುಗಿಯಿತು. ಆದರೆ ಮನೆಯಂಗಳದಲ್ಲಿ ನಿಂತ ವಸ್ತುಗಳಿಗೂ ಒಂದೊಂದು ಇತಿಹಾಸವಿರುತ್ತದೆ. ಹೊಲಿಗೆ ಯಂತ್ರಕ್ಕಿದೆ, ಪ್ರೆಶರ್ ಕುಕ್ಕರಿಗಿದೆ, ಕಾರಿಗೂ ಇದೆ. ಅವು ಕೆಟ್ಟು ನಿಂತಾಗ ಮಾತ್ರ ನಮಗೆ ಅದನ್ನು ಕೇಳುವ ಪ್ರಸಂಗ ಬರುತ್ತದೆ. ನಾನೀಗ ಹೇಳಹೊರಟಿರುವುದು ಎರಡು ಮುಷ್ಟಿಯಷ್ಟು ದಪ್ಪದ ಒಂದು ಡಬ್ಬಿಯ ಕಥೆ. ಪುಸ್ತಕದಲ್ಲಿ ಅದರ ಹೆಸರು ಡಿಸ್ಟ್ರಿಬ್ಯೂಟರ್. ನಮ್ಮ ಗ್ಯಾರೇಜಿನ ಉಸ್ತಾದರ ಬಾಯಲ್ಲಿ ಅದು 'ಡೆಲ್ಕೊ'.

ಚಿದ್ರಿಯ ನಮ್ಮ ಮನೆಯಲ್ಲಿರುವುದು 1999ರ ಪೆಟ್ರೋಲ್ ಕಾರು. ಕಾರ್ಬ್ಯುರೇಟರ್ ಇಲ್ಲ, ಇಂಜೆಕ್ಷನ್ ಗಾಡಿ. 2021ರಲ್ಲಿ ಬಂದ ಸರಕಾರದ ನಿಯಮದಂತೆ 50 ವರ್ಷ ದಾಟಿದರೆ ಮಾತ್ರ ಗಾಡಿ 'ವಿಂಟೇಜ್' ಎನ್ನಿಸಿಕೊಳ್ಳುತ್ತದೆ. ಹಾಗಾಗಿ ನಮ್ಮದಕ್ಕೆ ಆ ಗೌರವವಿಲ್ಲ, ಅದು ಬರೀ ಹಳೆಯದು. ಔರಾದಿನಲ್ಲಿರುವ ನನ್ನ ತಾಯಿಯನ್ನು ಮೂರು ತಿಂಗಳಿಗೊಮ್ಮೆ ಹೈದರಾಬಾದಿನ ಹೃದಯದ ಡಾಕ್ಟರ ಬಳಿಗೆ ಕರೆದೊಯ್ಯುವುದು ಇದೇ ಗಾಡಿಯಲ್ಲಿ. ಓಡಿಸುವವಳು ನಾನೇ. ಒಂದು ಬೇಸಿಗೆಯಲ್ಲಿ ಜಹೀರಾಬಾದ್ ದಾಟಿದ ಮೇಲೆ ಅದು ಇದ್ದಕ್ಕಿದ್ದಂತೆ ನಿಂತಿತು. ಅರ್ಧ ತಾಸಿನ ನಂತರ ಏನೂ ಆಗದಂತೆ ಮತ್ತೆ ಶುರುವಾಯಿತು. ಮುಂದಿನ ಸಲವೂ ಹಾಗೆಯೇ ಆಯಿತು. ಉರಿಬಿಸಿಲಿನಲ್ಲಿ ಹಿಂದಿನ ಸೀಟಿನಲ್ಲಿ ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ನನ್ನ ಸಲುವಾಗಿ ನಿನಗೆಷ್ಟು ತ್ರಾಸ" ಎಂದಳು. ಮಗ, "ಗುಜರಿಗೆ ಹಾಕಿ, ಸಾಲ ಮಾಡಿ ಹೊಸದು ತಗೊಳ್ಳಿ" ಎಂದ. ನಿವೃತ್ತಿಯ ವಯಸ್ಸಿನಲ್ಲಿ ಸಾಲವೆಂದರೆ ಯಜಮಾನರಿಗೆ ನಿದ್ದೆ ಬರುವುದಿಲ್ಲ. ಮಾರುವುದೋ ಇಟ್ಟುಕೊಳ್ಳುವುದೋ ಆಮೇಲಿನ ಮಾತು, ಇದು ನಿಲ್ಲುತ್ತಿರುವುದೇಕೆ ಎಂದು ತಿಳಿದುಕೊಳ್ಳೋಣವೆಂದು ನಾನು ಹಟ ಹಿಡಿದೆ.

ಪೆಟ್ರೋಲ್ ಎಂಜಿನ್ನಿಗೆ ಮೂರು ಬೇಕು: ಗಾಳಿ, ಪೆಟ್ರೋಲ್ ಮತ್ತು ಸರಿಯಾದ ಹೊತ್ತಿಗೆ ಒಂದು ಕಿಡಿ. ಮೊದಲೆರಡಕ್ಕಿಂತ ಮೂರನೆಯದೇ ಹೆಚ್ಚು ಕಾಡಿದೆ ಎನ್ನುವುದಕ್ಕೆ ಒಬ್ಬ ಹೆಣ್ಣುಮಗಳ ಪ್ರವಾಸವೇ ಸಾಕ್ಷಿ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ, ಅವನಿಗೆ ಹೇಳದೆಯೇ, ಮಾನ್‌ಹೈಮ್‌ನಿಂದ ಪ್ಫೋರ್ಜ್‌ಹೈಮ್‌ಗೆ ತವರಿನ ಕಡೆ ಹೊರಟಳು. ದಾರಿ 100 ಕಿಲೋಮೀಟರಿಗೂ ಹೆಚ್ಚು. ವೀಸ್ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಪೆಟ್ರೋಲಿನ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲ ಕಟ್ಟುವ ಪಟ್ಟಿಯನ್ನು ಬಿಚ್ಚಿ ಸುತ್ತಿದಳೆಂದು ಹೇಳುತ್ತಾರೆ. ಪಿನ್ನು, ಪಟ್ಟಿ, ಎರಡೂ ಹೆಂಗಸಿನ ಮೈಮೇಲಿದ್ದ ವಸ್ತುಗಳು ನೋಡಿ!

ಆಮೇಲಿನ ಕಾರುಗಳಲ್ಲಿ ಎಂಜಿನ್ ಶುರು ಮಾಡಲು ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಅದು ಹಿಮ್ಮೆಟ್ಟಿ ಹೊಡೆದರೆ ಮಣಿಕಟ್ಟು ಮುರಿಯುತ್ತಿತ್ತು. ಈ ಕಾರಣಕ್ಕೇ ಆಗ ಬ್ಯಾಟರಿ ಕಾರುಗಳನ್ನು ಹೆಂಗಸರ ಕಾರೆಂದು ಮಾರುತ್ತಿದ್ದರು. ಪೆಟ್ರೋಲ್ ಕಾರಿನ ದೊರೆ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದುದೂ ಬ್ಯಾಟರಿ ಕಾರನ್ನೇ. ಅಮೆರಿಕದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್ ಈ ಸ್ಥಿತಿಯನ್ನು ಬದಲಿಸಿದ. ಬ್ಯಾಟರಿ, ಕಾಯಿಲ್, ಪಾಯಿಂಟ್ ಮತ್ತು ಕಿಡಿಯನ್ನು ಸರದಿಯಂತೆ ಹಂಚುವ ಡಬ್ಬಿ, ಈ ಬಗೆಯ ವ್ಯವಸ್ಥೆಯನ್ನು ಅವನು 1910ರ ಕ್ಯಾಡಿಲಾಕ್ ಕಾರಿಗೆ ಅಳವಡಿಸಿದ. 1912ರ ಕ್ಯಾಡಿಲಾಕಿಗೆ ಅವನದೇ ಸೆಲ್ಫ್ ಸ್ಟಾರ್ಟರ್ ಬಂತು. ಬೆರಳಿನಿಂದ ಒತ್ತಿದರೆ ಎಂಜಿನ್ ಶುರುವಾಗುವಂತಾದ ಮೇಲೆ ಸ್ಟಿಯರಿಂಗಿನ ಮುಂದೆ ಹೆಂಗಸು ಕೂಡುವುದಕ್ಕೆ ತೋಳ್ಬಲದ ನೆಪ ಉಳಿಯಲಿಲ್ಲ. 1909ರಲ್ಲಿ ಹುಟ್ಟಿದ ಅವನ ಕಂಪನಿಯ ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಡೆಲ್ಕೊ'. ನಮ್ಮ ಉಸ್ತಾದರು ದಿನವೂ ಆಡುವ ಮಾತು ಡೇಟನ್‌ನಿಂದ ಬಂದದ್ದು!

ನಮ್ಮ ದೇಶದಲ್ಲಿ ಈ ಡಬ್ಬಿಯನ್ನು ಮನೆಮಾತಾಗಿಸಿದವು ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳು. 1961ರಲ್ಲಿ ಶುರುವಾದ ಲೂಕಾಸ್ ಟಿವಿಎಸ್ ಕಂಪನಿ ಡಿಸ್ಟ್ರಿಬ್ಯೂಟರನ್ನು ಇಲ್ಲಿಯೇ ತಯಾರಿಸತೊಡಗಿತು. ಆಗ ಡ್ರೈವರುಗಳು ದಾರಿಬದಿಯಲ್ಲೇ ಮುಚ್ಚಳ ತೆಗೆದು, ಪಾಯಿಂಟನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಮುಂದೆ ಹೋಗುತ್ತಿದ್ದುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ಇಂಜೆಕ್ಷನ್ ಬಂದ ಮೇಲೆ ಡಬ್ಬಿಯ ಜವಾಬ್ದಾರಿ ಹೆಚ್ಚಿತು. 1967ರಲ್ಲಿ ಬಾಷ್ ಕಂಪನಿಯ 'ಡಿ-ಜೆಟ್ರಾನಿಕ್' ಎಂಬ ವಿದ್ಯುನ್ಮಾನ ಇಂಜೆಕ್ಷನ್ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದಾಗ, ಪೆಟ್ರೋಲ್ ಚಿಮ್ಮುವ ಹೊತ್ತನ್ನು ತಿಳಿಸುವ ಪಾಯಿಂಟುಗಳನ್ನೂ ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲೇ ಇಟ್ಟರು. ನಮ್ಮಲ್ಲಿ 2000ದ ಏಪ್ರಿಲ್‌ನಲ್ಲಿ ಹೊಗೆಯ ನಿಯಮ ಬಿಗಿಯಾದ ಆಸುಪಾಸಿನಲ್ಲಿ ಇಂಜೆಕ್ಷನ್ ಕಾರುಗಳು ಸಾಮಾನ್ಯವಾದವು. ನಮ್ಮದರಂಥ ಕೆಲವು ಗಾಡಿಗಳಲ್ಲಿ ಕಾಯಿಲ್, ಇಗ್ನೈಟರ್, ಸೆನ್ಸರು ಎಲ್ಲವೂ ಆ ಒಂದೇ ಡಬ್ಬಿಯಲ್ಲಿ ಒಟ್ಟು ಕುಟುಂಬದಂತೆ ಇರುತ್ತವೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಪ್ಲಗ್ಗಿಗೂ ಸೇರಿ ಸೆಕೆಂಡಿಗೆ 100 ಕಿಡಿ ಹಂಚಬೇಕು. ಸೆನ್ಸರು ಸುಮ್ಮನಾದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಅದಕ್ಕೇ ಈ ರೋಗ ಪೆಟ್ರೋಲ್ ಪಂಪಿನ ರೋಗದಂತೆ ವೇಷ ಹಾಕುತ್ತದೆ. ಒಂದು ಗ್ಯಾರೇಜಿನವರು ಪಂಪು ಬದಲಾಯಿಸಿ ಬಿಲ್ಲು ಕೊಟ್ಟರು. ಗಾಡಿ ಮತ್ತೆ ನಿಂತಿತು.

ಉಸ್ತಾದರು ಮಾತ್ರ ಮೊದಲು ಪಾನಾ ಹಿಡಿಯಲಿಲ್ಲ, ಪ್ರಶ್ನೆ ಕೇಳಿದರು.

"ಅಕ್ಕಾ, ಗಾಡಿ ಬಂದ್ ಆಗೂ ಮುಂದ ಜಗ್ಗಿ ಜಗ್ಗಿ ನಿಂತದೇನ್ರಿ, ಇಲ್ಲಾ ಸ್ವಿಚ್ ಆರಿಸಿದಂಗ?"

"ಸ್ವಿಚ್ ಆರಿಸಿದಂಗ್ರಿ. ಗಾಡಿ ಗೇರಿನ್ಯಾಗ ಉರುಳತಿತ್ತು, ಮೀಟರಿನ ಮುಳ್ಳು ಸೊನ್ನಿಗಿ ಬಿದ್ದಿತ್ತು."

"ಹಂಗಾದ್ರ ಪಂಪ್ ಅಲ್ರಿ ಅಕ್ಕಾ, ಡೆಲ್ಕೊನೇ."

ಅವರ ತರ್ಕ ಸರಳವಾಗಿತ್ತು. ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಮುಗ್ಗರಿಸಿ ನಿಲ್ಲುತ್ತದೆ. ಗಾಲಿಯ ಜೊತೆ ಎಂಜಿನ್ ಇನ್ನೂ ತಿರುಗುತ್ತಿರುವಾಗಲೇ ಸುತ್ತು ತೋರಿಸುವ ಮುಳ್ಳು ಬಿದ್ದರೆ ಡಬ್ಬಿಯಿಂದ ಸುದ್ದಿ ಬರುವುದೇ ನಿಂತಿದೆ ಎಂದರ್ಥ. ಬಿಸಿಯಾಗಿ ನಿಂತಾಗಲೂ ಕೀಲಿ ತಿರುಗಿಸಿದೊಡನೆ ಪಂಪಿನ ಗುಂಯ್ ಸದ್ದು ಕೇಳುತ್ತಿದ್ದುದರಿಂದ ಪಂಪೂ ಅದರ ರಿಲೇಯೂ ನಿರ್ದೋಷಿಗಳು. ಆದರೆ ಮನೆಯ ಮುಂದೆ ತಣ್ಣಗಿದ್ದಾಗ ಗಾಡಿ ಕೆಡುವುದೇ ಇಲ್ಲವಲ್ಲ, ಸಾಬೀತು ಹೇಗೆ? ನಾನು ಒಳಗೆ ಹೋಗಿ ಮಗಳ ಹೇರ್ ಡ್ರೈಯರ್ ತಂದೆ. ಪೆಟ್ರೋಲಿನ ವಾಸನೆ ಎಲ್ಲೂ ಇಲ್ಲವೆಂದು ಉಸ್ತಾದರು ಖಾತ್ರಿ ಮಾಡಿಕೊಂಡ ಮೇಲೆ, ಎಂಜಿನ್ ಓಡುತ್ತಿರುವಾಗಲೇ ಡಬ್ಬಿಯ ಮೈಗೆ ಬಿಸಿಗಾಳಿ ಹಿಡಿದೆವು. ಕೆಲವೇ ನಿಮಿಷದಲ್ಲಿ ಎಂಜಿನ್ ಆರಿತು. ಹೊರಗೆ ತೆಗೆದ ಪ್ಲಗ್ಗಿನಲ್ಲಿ ಕಿಡಿಯಿಲ್ಲ. ತಣ್ಣಗಾದ ಮೇಲೆ ನೀಲಿ ಕಿಡಿ ಬಂತು. ಮುಚ್ಚಳ ಬಿಚ್ಚಿದರೆ ಒಳಗೆ ಕೆಂಪು ಧೂಳು. ಬೇರಿಂಗ್ ಸವೆದಿತ್ತು, ಇಗ್ನೈಟರ್ ಕಾವಿಗೆ ಸೋಲುತ್ತಿತ್ತು. ಇಪ್ಪತ್ತು ವರ್ಷ ಮೀರಿ ದುಡಿದ ಜೀವ, ತಪ್ಪೇನು?

ಇನ್ನು ಆಯ್ಕೆಯ ಮಾತು. ಕಂಪನಿಯ ಹೊಸ ಡಬ್ಬಿ ಎಲ್ಲೂ ಸಿಗಲಿಲ್ಲ. ಉಳಿದದ್ದು ಗುಜರಿಯ ಹಳೆಯದು, ಇಲ್ಲವೇ ಬೇರೆ ತಯಾರಕರ ಹೊಸದು. ಗುಜರಿಯದೂ ನಮ್ಮದರಷ್ಟೇ ಮುದಿಯಾದದ್ದು. ಬಿದರಿ ಸಾಮಾನು ಕೊಳ್ಳುವಾಗ ನಾವು ಹೊಳಪಿಗೆ ಮರುಳಾಗದೆ ಕೈಯಲ್ಲಿ ತೂಗಿ, ಬೆಳ್ಳಿಯ ಕೆತ್ತನೆಯ ಅಂಚಿಗೆ ಉಗುರಾಡಿಸಿ ನೋಡುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಮೊದಲು ಬಂದ ಡಬ್ಬಿಯ ನಡುಗಡ್ಡಿ ಹಿಡಿದು ಅಲ್ಲಾಡಿಸಿದರೆ ಸಡಿಲ. ವೈರಿನ ಸಾಕೆಟ್ಟಿನಲ್ಲಿ ಒಂದು ಪಿನ್ನೂ ಕಡಿಮೆ. ವಾಪಸು ಕಳಿಸಿದೆವು. ಎರಡನೆಯದರ ಮೇಲೆ ಹಳೆಯದರ ಮೇಲಿದ್ದ ಪಾರ್ಟ್ ನಂಬರು ಹೊಂದುತ್ತಿತ್ತು, ಪಿನ್ನುಗಳು ಸರಿಯಿದ್ದವು, ಮುಚ್ಚಳದ ಒಳಗೆ ಅಲ್ಯುಮಿನಿಯಂ ಬದಲು ಹಿತ್ತಾಳೆಯ ತುದಿಗಳಿದ್ದವು, ಒಂದು ವರ್ಷದ ವಾರಂಟಿ ಬರವಣಿಗೆಯಲ್ಲಿತ್ತು. ಕಾರ್ಬ್ಯುರೇಟರ್ ಗಾಡಿಯ ಅಗ್ಗದ ಡಬ್ಬಿ ಹಾಕಬಹುದೆಂದು ಅಂಗಡಿಯವನೊಬ್ಬ ಹೇಳಿದ್ದ. ಅದರಲ್ಲಿ ಸೆನ್ಸರೇ ಇರುವುದಿಲ್ಲ, ಕಂಪ್ಯೂಟರು ಕುರುಡಾಗುತ್ತದೆ. ಕೂಡಿಸಿದ ಮೇಲೂ ಕಣ್ಣಂದಾಜು ನಡೆಯದು. ಸರ್ವಿಸ್ ಪ್ಲಗ್ಗಿಗೆ ಸಣ್ಣ ತಂತಿ ಕೊಟ್ಟು ಕಂಪ್ಯೂಟರನ್ನು ಸುಮ್ಮನಿರಿಸಿ, ಟೈಮಿಂಗ್ ಲೈಟ್ ಹಿಡಿದು, ಗುರುತಿಗೆ ಗುರುತು ಕೂಡಿಸಿದ ಮೇಲೆಯೇ ಉಸ್ತಾದರು ಬೋಲ್ಟು ಬಿಗಿದರು.

ಭಾಲ್ಕಿಗೆ ಹೋಗಿ ಬಂದು, ಆಮೇಲೆ ಔರಾದಿಗೆ ಹೋಗಿ ಬಂದು ಪರೀಕ್ಷೆ ಮಾಡಿದೆವು. ಮುಂದಿನ ಮೇ ತಿಂಗಳಲ್ಲಿ ಅವ್ವನನ್ನು ಹೈದರಾಬಾದಿಗೆ ಕರೆದೊಯ್ದೆ. ಜಹೀರಾಬಾದ್ ದಾಟುವಾಗ ನನ್ನ ಕಣ್ಣು ಮುಳ್ಳಿನ ಮೇಲೆಯೇ ಇತ್ತು. ಅವ್ವ ಹಿಂದೆ ನಿದ್ದೆ ಮಾಡುತ್ತಿದ್ದಳು.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಈ ಡಬ್ಬಿಯೇ ಇಲ್ಲ, ಪ್ಲಗ್ಗಿನ ತಲೆಯ ಮೇಲೆಯೇ ಕಾಯಿಲ್ ಕೂತಿರುತ್ತದೆ. ಬ್ಯಾಟರಿ ಕಾರಿಗಂತೂ ಕಿಡಿಯೇ ಬೇಡ. ಕ್ಲಾರಾ ಫೋರ್ಡ್‌ಳ ಕಾಲ ಮರಳಿ ಬಂದಿದೆ, ಆದರೆ ಈಗ ಅದನ್ನು ಹೆಂಗಸರ ಕಾರು ಎಂದು ಯಾರೂ ಹೇಳುವುದಿಲ್ಲ. ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖು ಬರೆಯುವ ಡೈರಿಯಲ್ಲೇ ನಾನು ಡಿಸ್ಟ್ರಿಬ್ಯೂಟರಿನ ನಂಬರು, ಹಾಕಿಸಿದ ದಿನ, ಅಂದಿನ ಕಿಲೋಮೀಟರು ಬರೆದಿಟ್ಟಿದ್ದೇನೆ. ಬೇರಿಂಗ್ ಮತ್ತು ಇಗ್ನೈಟರ್ ಬದಲಾಯಿಸಿದ ಹಳೆಯ ಡಬ್ಬಿ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿದೆ.