ಬಣಜಿಗನೂ ಪರದೇಶಿಯೂ

ಮಯೂರ್ ವಿಹಾರದ ನಮ್ಮ ಮನೆಗಳಲ್ಲಿ ಬೇಳೆ ಮುಗಿಯಿತೆಂದರೆ ಮಕ್ಕಳು "ಬನಿಯಾನ ಅಂಗಡಿಗೆ ಹೋಗಿ ಬರುತ್ತೇವೆ" ಎನ್ನುತ್ತಾರೆ. ಈ ಮಾತು ಹಿಂದಿಯವರ ಸೊತ್ತೆಂದೇ ಅವರ ಎಣಿಕೆ. ನಮ್ಮಲ್ಲಿ ಹಲವರ ಎಣಿಕೆಯೂ ಅದೇ ಆಗಿತ್ತು. ಆದರೆ ಸಂಸ್ಕೃತದ 'ವಣಿಜ್' ಶಬ್ದವು ಹಿಂದಿಯಲ್ಲಿ ಬನಿಯಾ ಆದಂತೆಯೇ ಕನ್ನಡದಲ್ಲಿ ಬಣಜಿಗ ಆಗಿದೆ. ವಕಾರವು ಬಕಾರವಾಗುವುದು ಎರಡು ನುಡಿಗಳಿಗೂ ಸಹಜ: ನಮ್ಮಲ್ಲಿ ವರ್ಣವು ಬಣ್ಣ, ಅವರಲ್ಲಿ ವಸಂತವು ಬಸಂತ. ವರ್ತಕನಿಗೆ ಹಳಗನ್ನಡದಲ್ಲಿ 'ಪರದ' ಎಂಬ ಮಾತೂ ಇತ್ತು. ಅದು 'ಹರದ' ಎಂದಾಗಿ, ಈಗ ಬಳಕೆ ತಪ್ಪಿದೆ.

ಬಣಜಿಗ ಎಂಬುದು ಇಂದು ಒಂದು ಕುಲದ ಹೆಸರು. ಶಾಸನಗಳ ಕಾಲದಲ್ಲಿ ಅದರ ಅರ್ಥ ಇಷ್ಟು ಇಕ್ಕಟ್ಟಾಗಿರಲಿಲ್ಲ. ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕಸಂಘವು ತನ್ನ ನಡೆಯನ್ನು 'ವೀರಬಣಂಜುಧರ್ಮ'ವೆಂದು ಕರೆದುಕೊಂಡಿತು. ಗವರೆ, ಗಾತ್ರಿಗ, ಸೆಟ್ಟಿ, ಗಾವುಂಡ ಮೊದಲಾದವರೆಲ್ಲ ಅದರಲ್ಲಿ ಸೇರಿದ್ದರು. ಶಿಕಾರಿಪುರ ಸೀಮೆಯ, ಚಾಲುಕ್ಯರ ಕಾಲದ ಶಾಸನವೊಂದು ಇವರು ತಿರುಗಿದ ನಾಡುಗಳನ್ನು ಹೆಸರಿಸುತ್ತದೆ: ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ನೇಪಾಳ. ಪಟ್ಟಿಯಲ್ಲಿ ಒಂಟಿಕಾಲಿನವರ ನಾಡೂ ಸ್ತ್ರೀರಾಜ್ಯವೂ ಇರುವುದರಿಂದ ವಾಚಕರು ಎಲ್ಲವನ್ನೂ ನಂಬಬೇಕಾಗಿಲ್ಲ. ಹೊಗಳಿಕೆಯ ಕವಿಗೆ ಅಷ್ಟು ಸಲಿಗೆ ಇದ್ದದ್ದೇ.

ಈ ಸಂಘದ ಶಾಸನಗಳಲ್ಲಿ ವರ್ತಕರನ್ನು ಸ್ವದೇಶಿ, ಪರದೇಶಿ, ನಾನಾದೇಶಿ ಎಂದು ಕರೆದಿದೆ. ನಮ್ಮ ಮನಸ್ಸು ನಿಂತದ್ದು ಇಲ್ಲಿ. ಈಗ ಕನ್ನಡದಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು. ರಜೆಗೆ ಊರಿಗೆ ಹೋದಾಗ ಹಿರಿಯರು "ಅಲ್ಲಿ ಪರದೇಶಿಗಳ ಹಾಗೆ ಇದ್ದೀರಲ್ಲಪ್ಪಾ" ಎಂದು ಮರುಗುವುದನ್ನು ನಾವೆಲ್ಲ ಕೇಳಿದ್ದೇವೆ. ಅವರ ಅಕ್ಕರೆ ದೊಡ್ಡದು, ಮಾತು ಮಾತ್ರ ಚುಚ್ಚುತ್ತದೆ. ಶಾಸನದ ಪರದೇಶಿಯಾದರೋ ಬೇರೆ ನಾಡಿನಿಂದ ಸರಕು ತಂದ ಗೌರವಸ್ಥ; ಅವನಿಗೆ ಸಂಘದೊಳಗೇ ಸ್ಥಾನವಿತ್ತು.

ಸಂಘಕ್ಕೆ ಒಂದೇ ನುಡಿಯೂ ಇರಲಿಲ್ಲ. ಸುಮಾತ್ರಾ ದ್ವೀಪದ ಬಾರೂಸ್ ಬಳಿ 1088ರಲ್ಲಿ ಇದೇ ಐನೂರ್ವರು ಹಾಕಿಸಿದ ಶಾಸನ ತಮಿಳಿನಲ್ಲಿದೆ. ಬರ್ಮಾದ ಪಗಾನಿನಲ್ಲಿ ನಾನಾದೇಶಿಗಳ ಹೆಸರಿನದೇ ಒಂದು ವಿಷ್ಣು ದೇವಾಲಯವಿತ್ತು. ಹದಿಮೂರನೆಯ ಶತಮಾನದಲ್ಲಿ ಕೇರಳದ ಕಡೆಯವನೊಬ್ಬನು ಅದಕ್ಕೆ ಒಂದು ಮಂಟಪವನ್ನು ಕಟ್ಟಿಸಿ, ಒಳಗೆ ಉರಿಯಲು ಒಂದು ದೀಪವನ್ನೂ ಕೊಟ್ಟನು.