ಶಣವಸ್ತ್ರವೂ ಭಂಗವಸ್ತ್ರವೂ

ವಿನಯಪಿಟಕದ ಮಹಾವಗ್ಗದಲ್ಲಿ ಭಿಕ್ಷುಗಳಿಗೆ ಸಮ್ಮತವಾದ ಚೀವರಗಳು ಆರು: ಕ್ಷೌಮ, ಕಾರ್ಪಾಸ, ಕೌಶೇಯ, ಕಂಬಳ, ಶಾಣ, ಭಂಗ. ಕಡೆಯ ಎರಡನ್ನು ಬೇರೆಬೇರೆಯಾಗಿ ಎಣಿಸಿರುವುದು ಗಮನಾರ್ಹವಾಗಿದೆ. ಅಟ್ಠಕಥೆಯು ಭಂಗವೆಂದರೆ ಮಿಕ್ಕ ಐದು ನೂಲುಗಳ ಬೆರಕೆಯೆನ್ನುತ್ತದೆ. ಪ್ರತ್ಯೇಕವಾದ ನಾರಿನದೆಂದು ಅದೇ ತಿಳಿಸುವ ಎರಡನೆಯ ಅರ್ಥವೇ ಹೆಸರಿಗೆ ಒಪ್ಪುವಂತಿದೆ. ಇಂಗ್ಲಿಷಿನಲ್ಲಿ ಎರಡು ಗಿಡಗಳಿಗೂ ಹೆಂಪ್ ಎಂಬ ಮಾತು ರೂಢವಾದುದರಿಂದ ಒಂದರ ಗುಣವನ್ನು ಮತ್ತೊಂದಕ್ಕೆ ಆರೋಪಿಸುವ ಪ್ರಮಾದವು ಇನ್ನೂ ತಪ್ಪಿಲ್ಲ. ಕನ್ನಡದಲ್ಲಿಯೂ ಸೆಣಬೆಂಬ ಹೆಸರು ಬಂಗಾಳದ ಜೂಟಿಗೆ ಸಲ್ಲತೊಡಗಿ ತೊಡಕು ಹೆಚ್ಚಿದೆ.

ಭಂಗವು ಭಂಗಿಸೊಪ್ಪಿನ ಗಿಡವೇ. ಕುಮಾವೂಂ, ಗಢವಾಲಗಳ ಬೆಟ್ಟದವರು ಅದರ ನಾರಿನಿಂದ ಭಂಗೇಲಾ ಎಂಬ ಒರಟು ಬಟ್ಟೆಯನ್ನು ನೆಯ್ದುಟ್ಟರು. ಒತ್ತಾಗಿ ಬಿತ್ತಿದರೆ ಅದು ನೆರಳಿನಿಂದಲೇ ಕಳೆಯನ್ನು ಅಡಗಿಸುವುದು. ಆದರೆ ಸಾರವುಳ್ಳ ನೆಲವನ್ನು ಬೇಡುವುದು. ಅರ್ಥಶಾಸ್ತ್ರದ ಸೂತ್ರಾಧ್ಯಕ್ಷನು ನೂಲಿಸುತ್ತಿದ್ದ ಶಣವಾದರೋ ಕರ್ಣಾಟಕದ ರೈತರು ಹಸುರುಗೊಬ್ಬರಕ್ಕೆ ಬಿತ್ತುವ ಸೆಣಬು. ಹುರುಳಿ, ಹೆಸರುಗಳ ಕುಲಕ್ಕೆ ಸೇರಿದ ಅದರ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿಯುವುವು. ನಾರಿಗಾಗಿ ಕಾಂಡವನ್ನು ಕೊಯ್ದೊಯ್ದರೂ ಬೇರೂ ಉದುರಿದ ಎಲೆಯೂ ಹೊಲಕ್ಕೇ ಉಳಿಯುವುವು. ಬಟ್ಟೆಯನ್ನು ಕೊಟ್ಟು ಮಣ್ಣಿನ ಋಣವನ್ನೂ ತೀರಿಸುವ ಕೀರ್ತಿ ಸಲ್ಲಬೇಕಾದುದು ಇದಕ್ಕೆ, ಭಂಗಕ್ಕಲ್ಲ. ಎರಡರ ನಾರನ್ನೂ ಬಿಡಿಸಲು ಕಡ್ಡಿಗಳನ್ನು ಕೆರೆಕುಂಟೆಗಳಲ್ಲಿ ಕೊಳೆಹಾಕುವ ರೂಢಿಯಿಂದ ನೀರು ನಾರಿ ಮೀನು ಸಾಯುವುದುಂಟು; ಈ ವಸ್ತ್ರಗಳನ್ನು ಹೊಗಳುವವರು ಅದನ್ನು ಮರೆಯುವುದು ನ್ಯಾಯವಲ್ಲ.