ಕಾಳಿಯ ಕಟ್ಟೆಗಳೂ ಗಂಗಾವಳಿಯ ನೆರೆಯೂ

ಕಾರವಾರ ಅಂಕೋಲೆಗಳ ಸೀಮೆಯನ್ನು ಪೋಷಿಸುವ ಹೊಳೆಗಳು ಮುಖ್ಯವಾಗಿ ಎರಡು. ಜೋಯಿಡಾದ ಡಿಗ್ಗಿಯ ಬಳಿ ಹುಟ್ಟಿ, 184 ಕಿಲೋಮೀಟರು ಹರಿದು, ಕಾರವಾರದಲ್ಲಿ ಕಡಲನ್ನು ಕೂಡುವ ಕಾಳಿ ಒಂದು. ಧಾರವಾಡದ ಕಡೆಯಿಂದ ಬೇಡ್ತಿಯೆಂಬ ಹೆಸರಿನಿಂದ ಬಂದು, ಘಟ್ಟವನ್ನಿಳಿದ ಮೇಲೆ ಗಂಗಾವಳಿಯೆನಿಸುವುದು ಇನ್ನೊಂದು. ಮೊದಲನೆಯದನ್ನು ವಿದ್ಯುಚ್ಛಕ್ತಿಗಾಗಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರು. ಎರಡನೆಯದು ಕಟ್ಟೆಯಿಲ್ಲದೆ ಉಳಿಯಿತು. ಇವೆರಡರ ಚರಿತ್ರೆಯನ್ನು ಜೊತೆಯಲ್ಲಿಟ್ಟು ನೋಡಿದ ಹೊರತು ನಮ್ಮ ತೀರದ ಇಂದಿನ ಅವಸ್ಥೆಯು ತಿಳಿಯಲಾರದು.

ಕಾಳಿಯ ಮೇಲಣ ಕಟ್ಟೆಗಳಲ್ಲಿ ಹಿರಿದು ಸೂಪಾದ್ದು. ಅದರ ಎತ್ತರ 101 ಮೀಟರು. ಅದರ ಜಲಾಶಯವು ಸುಮಾರು 147 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲದು. ಹಳೆಯ ಸೂಪಾ ಊರು ಅದರ ಅಡಿಯಲ್ಲಿ ಅಡಗಿಹೋಯಿತು. ಅಲ್ಲಿ ಕೂಡಿಟ್ಟ ನೀರು ನಾಗಝರಿಯ ಯಂತ್ರಗಳನ್ನು ತಿರುಗಿಸಿ ಕೆಳಗಿಳಿಯುತ್ತದೆ. 1990ರ ದಶಕದ ಕೊನೆಯಲ್ಲಿ 120 ಮೆಗಾವ್ಯಾಟಿನ ಕೊಡಸಳ್ಳಿಯೂ, 150 ಮೆಗಾವ್ಯಾಟಿನ ಕದ್ರಾವೂ ಸೇರಿ ಈ ಸೋಪಾನವು ಕಡಲಿನ ಸಮೀಪಕ್ಕೆ ಬಂದಿತು.

ವಾಚಕರು ಕದ್ರಾವನ್ನು ವಿಶೇಷವಾಗಿ ಗಮನಿಸಬೇಕು. ಅದು ಹಿಡಿಯುವ ನೀರು 14 ಟಿ.ಎಂ.ಸಿ.ಗೂ ಕಡಿಮೆ, ಸೂಪಾದ ಹತ್ತರಲ್ಲೊಂದು ಪಾಲೂ ಅಲ್ಲ. ಮೇಲಿನ ವಿದ್ಯುದಾಗಾರಗಳು ಬಿಟ್ಟ ನೀರಿನೊಂದಿಗೆ, ಘಟ್ಟದ ಇಳಿಜಾರಿನಲ್ಲಿ ಆಷಾಢ ಶ್ರಾವಣಗಳಲ್ಲಿ ಸುರಿಯುವ ಮಳೆಯೆಲ್ಲ ಈ ಕಿರಿಯ ಪಾತ್ರೆಗೇ ಬಂದು ಬೀಳಬೇಕು. ಮೇಲಾಗಿ 2000ದಿಂದ 2011ರ ವರೆಗೆ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಅಣುಸ್ಥಾವರಗಳು ನೆಲೆಗೊಂಡುವು. ಅವುಗಳ ತಂಪಿಗೂ ಇದೇ ನೀರು. ವಿದ್ಯುತ್ತಿಗೆ ಪಾತ್ರೆಯು ತುಂಬಿರಬೇಕು. ನೆರೆಯನ್ನು ತಡೆಯಲು ಬರಿದಾಗಿರಬೇಕು. ಎರಡೂ ಒಂದೇ ಕಾಲಕ್ಕೆ ಆಗುವುದೆಂತು?

2019ರ ಆಗಸ್ಟಿನಲ್ಲಿ ಇದರ ಉತ್ತರವು ದೊರೆಯಿತು. ಕದ್ರಾದ ಬಾಗಿಲುಗಳನ್ನು ತೆರೆಯಲೇಬೇಕಾಗಿ ಬಂದು, ಕಟ್ಟೆಯ ಕೆಳಗಿನ ಊರುಗಳಲ್ಲಿ ನೀರು ಮನೆಗಳನ್ನು ಹೊಕ್ಕಿತು. ಆ ತರುವಾಯ ಮಳೆಗಾಲದಲ್ಲಿ ಜಲಾಶಯವನ್ನು ಅದರ ಪೂರ್ಣಮಟ್ಟವಾದ 34.5 ಮೀಟರಿಗಿಂತ ಕೆಳಗೇ ಇರಿಸಬೇಕೆಂದು ಜಿಲ್ಲಾಡಳಿತವು ಪಟ್ಟು ಹಿಡಿಯಿತು.

ಹಾಗಾದರೆ ಕಟ್ಟೆಯೇ ಕೇಡಿಗೆ ಮೂಲವೆ? ಹಾಗೆಂದು ತೀರ್ಮಾನಿಸುವವರು ಗಂಗಾವಳಿಯನ್ನು ನೋಡತಕ್ಕದ್ದು. ಬೇಡ್ತಿಯ ಜಲವಿದ್ಯುತ್ ಯೋಜನೆಗೆ ಶಿರಸಿ ಯಲ್ಲಾಪುರಗಳ ತೋಟಿಗರು ಎದುರು ನಿಂತು, 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕೂಡಿಸಿ, ಲಾಭನಷ್ಟಗಳ ಲೆಕ್ಕವನ್ನೇ ಪ್ರಶ್ನಿಸಿದರು, ಯೋಜನೆಯು ನಿಂತಿತು. ನಮ್ಮ ಜಿಲ್ಲೆಗೆ ಅದು ಹೆಮ್ಮೆಯ ಸಂಗತಿಯೇ ಸರಿ. ಆದರೂ 2019ರಲ್ಲಿ ಕಟ್ಟೆಯಿಲ್ಲದ ಆ ಹೊಳೆಯೂ ಉಕ್ಕಿ ಡೋಂಗ್ರಿ, ಹಿಲ್ಲೂರುಗಳ ಕಡೆ ಮನೆಗಳನ್ನು ಮುಳುಗಿಸಿತು. 2021ರ ಜುಲೈಯಲ್ಲಿ ಗುಳ್ಳಾಪುರದ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು.

ಅರಬ್ಬೀ ಸಮುದ್ರವು ಕಾದಂತೆಲ್ಲ ಗಾಳಿಯಲ್ಲಿ ತೇವವು ಹೆಚ್ಚಿ, ಅಲ್ಪಕಾಲದಲ್ಲಿ ಧಾರಾಕಾರವಾಗಿ ಸುರಿಯುವ ಮಳೆಯು ಪಡುವಣ ತೀರದಲ್ಲಿ ಬಲಗೊಳ್ಳುತ್ತಿದೆಯೆಂದು ಹವಾಮಾನ ಶಾಸ್ತ್ರಜ್ಞರು ಹೇಳುತ್ತಾರೆ. ಅಂತಹ ಮಳೆಗೆ ನೆಲವೂ ನಿಲ್ಲದು. 2009ರ ಅಕ್ಟೋಬರ್ 2ರಂದು ಕಾರವಾರದ ಬಳಿಯ ಕಡವಾಡದ ಝರಿವಾಡದಲ್ಲಿ ಗುಡ್ಡ ಜರಿದು 19 ಜನ ಮಡಿದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡವು ಕುಸಿದು ಗಂಗಾವಳಿಗೆ ಬಿದ್ದಿತು. ಆಗ ಎದ್ದ ನೀರಿನ ಅಲೆಯು ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು.

ಕಾಳಿಯ ಯೋಜನೆಯನ್ನು ರಚಿಸಿದವರು ವರ್ಷಕ್ಕೆ ಹೊಳೆ ಎಷ್ಟು ಕೊಡುವುದೆಂದು ಅಳೆದರು. ಕೆಳಗಿನವರ ಬಾಳು ಒಂದು ರಾತ್ರಿಯಲ್ಲಿ ಅದು ಎಷ್ಟು ಏರುವುದೆಂಬುದನ್ನು ಅವಲಂಬಿಸಿದೆ. ಮಳೆಗಾಲದಲ್ಲಿ ಕದ್ರಾವನ್ನು ಒಂದು ಮೀಟರು ತಗ್ಗಿಸಿದರೆ ಅಷ್ಟು ವಿದ್ಯುತ್ತು ಕಡಿಮೆಯಾಗುವುದು ನಿಜ. ಅದನ್ನು ನಷ್ಟದ ಬಾಬಿನಲ್ಲಿ ಬರೆಯದೆ, ಆ ಬೆಳಕಿನ ಬಹುಪಾಲನ್ನು ಉಣ್ಣುವ ದೂರದ ಊರುಗಳು ಕದ್ರಾ ಮಲ್ಲಾಪುರದವರಿಗೆ ಸಲ್ಲಿಸತಕ್ಕ ಬಾಕಿಯೆಂದೇ ಬರೆಯುವುದು ನ್ಯಾಯವೆಂದು ನಮ್ಮ ಮತ. ಆ ಮಟ್ಟವನ್ನು ಪ್ರತಿವರ್ಷವೂ ಮಿರ್ಗದ ಮಳೆಗೆ ಮುಂಚೆಯೇ, ಆ ಊರಿನವರ ಎದುರಿನಲ್ಲಿ ಕುಳಿತು ನಿಶ್ಚಯಿಸಬೇಕು.